ನಾಲ ಬಿಚ್ಚಿದ ಮ್ಯಾಲೆ: ಗಂಗಾವತಿ ಕಡೆಯ ಒಂದು ಮದುವಿ ಕುದುರಿ ಕೇಸು

ಮೊದ್ಲ ಹೇಳಿಬಿಡ್ತೀನಿ, ಊರಿನ ಹೆಸರು ಬಿಟ್ಟೀನಿ, ಮನುಷ್ಯಾರ ಹೆಸರೂ ಇಲ್ಲ, ಕುದುರಿ ಹೆಸರು ಸುದ್ದಾ ಬದಲಿ ಮಾಡೀನಿ. ಮಾಲಕರನ್ನ ಕಾಕಾ ಅಂತ ಕರೀತೀನಿ, ಹೆಣ್ಣು ಕುದುರಿಗೆ ಕೆಂಪಿ, ಗಂಡಿಗೆ ಸರದಾರ. ಜಾಗ ಕೊಪ್ಪಳ ಜಿಲ್ಲಾ, ಗಂಗಾವತಿ ಕಡೆ, ಅಷ್ಟು ಸಾಕು. ನಾನು ದನದ ಡಾಕ್ಟ್ರ ಕೈಕೆಳಗ ಕೆಲಸ ಮಾಡಾಂವ, ಗೊರಸು ಕೆತ್ತೋ ಕೆಲಸ ಕೈಯಾಗ ಐತಿ, ಹಿಂಗಾಗಿ ಈ ಕೇಸಿನ್ಯಾಗ ಮೊದಲಿಂದ ಇದ್ದೆ. ನಾಲ (ಲಾಳ) ಇಲ್ದ ಕುದುರಿ ಸಾಕಬೇಕು ಅನ್ನೋರು ಈಗ ನಮ್ಮ ಕಡೆನೂ ಅಲ್ಲೊಬ್ರು ಇಲ್ಲೊಬ್ರು ಕೇಳ್ತಾರ, ವಿಡಿಯೋ ನೋಡಿ ಬಿಚ್ಚಿಬಿಡ್ತಾರ, ಎರಡು ವಾರಕ್ಕ ಕುದುರಿ ಕುಂಟ್ತೈತಿ, ಮತ್ತ ಬಡಿಸ್ತಾರ. ಅಂಥವರಿಗೆ ಉಪಯೋಗ ಆಗ್ಲಿ ಅಂತ ಬರದೀನಿ.

ಹಿನ್ನೆಲೆ

ಕಾಕಾರ ಅಪ್ಪ ಟಾಂಗಾ ಹೊಡೀತಿದ್ರು. ಆಟೋ ಬಂದ್ವು, ಟಾಂಗಾ ಹೋದ್ವು, ಆದ್ರ ಕುದುರಿ ಸಾಕೋ ಚಟ ಮನ್ಯಾಗ ಉಳೀತು. ಕೆಂಪಿ ಒಂಬತ್ತು ಹತ್ತು ವರ್ಷದ್ದು, ಮದುವಿ ಮೆರವಣಿಗಿ, ಉರುಸು, ಜಾತ್ರಿಗೆ ಹೋಗ್ತೈತಿ, ಬ್ಯಾಂಡಿನ ಸದ್ದಿಗೆ ಕುಣಿಯಾಕ ಕಲಿಸ್ಯಾರ. ಸರದಾರ ಮೈಯಾಗ ಭಾರಿ, ಗಾಡಿಗೆ ಹೂಡ್ತಾರ, ಮೇವು ಚೀಲ ಅಂತ ದಿನಾ ಡಾಂಬರ್ ರೋಡಿನ ಮ್ಯಾಲೆ ಓಡಾಟ.

ಭಾಳ ವರ್ಷ ಹೊಸಪೇಟಿ ಕಡಿಂದ ಒಬ್ರು ಹಿರಿಯ ನಾಲಬಂದ, ಅಂದ್ರ ಕುದುರಿಗೆ ನಾಲ ಬಡಿಯೋರು, ಬರ್ತಿದ್ರು. ಕಾಲು ಎತ್ತಿ ಹಿಡದ ಕೂಡ್ಲೆ ಏನು ಮಾಡಬೇಕು ಅಂತ ಗೊತ್ತಿದ್ದ ಮನುಷ್ಯ, ಹಳೇ ನಾಲ ಬಿಚ್ಚಿ ಗೊರಸು ಕೆತ್ತಿ ಒಂದು ನಾಲ್ಕೈದು ದಿನ ಹಂಗ ಬಿಟ್ಟು ಆಮ್ಯಾಲೆ ಬಡೀತಿದ್ರು. ಅವರಿಗೆ ಕಣ್ಣು ಮಸಕಾದ್ವು, ಮಗ ಬ್ಯಾರೆ ಕೆಲಸಕ್ಕ ಹೋದ. ಆಮ್ಯಾಲೆ ಸಿಕ್ಕಾಂವ ಎತ್ತಿಗೆ ನಾಲ ಹೊಡಿಯಾಂವ. ಎತ್ತಿನ ಗೊರಸು ಎರಡು ಹೋಳು, ಅದಕ್ಕ ತೆಳ್ಳನ್ನ ತಗಡು ಎರಡು, ಭಾರ ಬೀಳೋ ರೀತಿನ ಬ್ಯಾರೆ. ಕುದುರೀದು ಒಂದ ಗೊರಸು. ಆತ ರೆಡಿಮೇಡ್ ನಾಲ ತಂದು, ನಾಲಕ್ಕ ತಕ್ಕಂಗ ಗೊರಸು ಕೆತ್ತಾಕ ಶುರು ಮಾಡಿದ. ಗೊರಸಿಗೆ ತಕ್ಕಂಗ ನಾಲ ಬಡದು ಬಗ್ಗಿಸೋದು ಅವನಿಗೆ ಗೊತ್ತಿರಲಿಲ್ಲ, ಪಾಪ ಅವನ ತಪ್ಪೂ ಅಲ್ಲ ಅನ್ನಿ, ಅವನನ್ನ ಕರದವರು ನಾವ.

ಇನ್ನ ನಿಂತ ಜಾಗ. ಹಿತ್ತಲದಾಗ ತಗಡಿನ ಶೆಡ್ಡು, ಕೆಳಗ ಇಟ್ಟಂಗಿ ಹಾಸು, ಉಚ್ಚಿ ಹೊರಗ ಹೋಗಾಕ ದಾರಿ ಇಲ್ಲ. ಶೆಡ್ಡಿನ ಹೊರಗ ಎರಿ ಮಣ್ಣು, ಪಕ್ಕದಾಗ ಕಾಲುವಿ ನೀರಿನ ನೆಲ್ಲಿನ ಗದ್ದಿ. ಬ್ಯಾಸಗ್ಯಾಗ ಇಟ್ಟಂಗಿಗಿಂತ ಬಿರುಸು, ಮಳಿಗಾಲದಾಗ ಮೊಣಕಾಲು ಮಟ ಕೆಸರು. ನಮ್ಮ ಜಿಲ್ಲಾದಾಗ ವರ್ಷಕ್ಕ ಸುಮಾರು 600 ಮಿ.ಮೀ. ಮಳಿ ಅಷ್ಟ, ಆದ್ರ ಅದರಾಗ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗ ಬೀಳ್ತೈತಿ, ಕಾಲುವಿ ನೀರು ಬಿಡೋದೂ ಅದರ ಆಜೂಬಾಜು. ಒಣಗಿದ್ದು ತೋಯೋದು, ತೋಯ್ದಿದ್ದು ಒಣಗೋದು, ಈ ಆಟಕ್ಕ ಗೊರಸು ಸೀಳ್ತಾವು. ಇದು ಮುಂದ ಭಾಳ ಮುಖ್ಯ ಆಗ್ತೈತಿ.

ಮೇವು: ಸೀಜನ್ ಮುಗದ ಮ್ಯಾಲೆ ಕೆಂಪಿಗೆ "ದಣದೈತಿ" ಅಂತ ಬೆಲ್ಲ, ನೆನಸಿದ ಕಡ್ಲಿ, ಗೋದಿ ತೌಡು, ರೈಸ್ ಮಿಲ್ಲಿನ ಅಕ್ಕಿ ತೌಡು ಬಕೆಟ್‌ಗಟ್ಲೆ. ಮಿಲ್ಲು ಬಾಜೂಕ ಇದ್ದಾಗ ತೌಡು ಸೋವಿ ಸಿಗ್ತೈತಿ, ಯಾರು ಬ್ಯಾಡ ಅಂತಾರ.

ಸಮಸ್ಯೆ

ಮೇ ತಿಂಗಳು, ಮದುವಿ ಸೀಜನ್ ಕೊನಿ. ಹೊಸಾ ನಾಲ ಬಡಿಸಿ ಎರಡು ದಿನಕ್ಕ ಕೆಂಪಿ ಬಲಗಾಲು ಮುಂದ ಮಾಡಿ ನಿಲ್ಲಾಕ ಹತ್ತಿತು. ಕಾಕಾ ಫೋನ್ ಮಾಡಿ "ತಮ್ಮಾ, ಕಾಲು ಊರವಲ್ದು, ನಾಳಿ ಒಂದು ಆರ್ಡರ್ ಐತಿ" ಅಂದ್ರು. ಡಾಕ್ಟ್ರು ಬಂದು ಗೊರಸಿನ ಇಕ್ಕಳದಿಂದ ಅಲ್ಲಲ್ಲಿ ಒತ್ತಿ ನೋಡಿದ್ರು, ಒಂದು ಮೊಳೆ ಹತ್ರ ಒತ್ತಿದ ಕೂಡ್ಲೆ ಕಾಲು ಕಿತ್ಕೊಂಡ್ಲು. ನಾಲ ಬಿಚ್ಚಿ ಆ ಮೊಳೆ ಎಳದ್ರ ತುದ್ಯಾಗ ಹಸಿ ಇತ್ತು, ಅಂದ್ರ ಮೊಳೆ ಗೊರಸಿನ ಹೊರಗಿನ ಬಿರುಸು ಗ್ವಾಡಿ ಬಿಟ್ಟು ಜೀವ ಇರೋ ಮಾಂಸಕ್ಕ ಹೋಗಿತ್ತು. ತೂತು ಅಗಲ ಮಾಡಿ ಕೀವು ಬಿಟ್ರು, ಟಿಟಿ ಇಂಜೆಕ್ಷನ್ ಕೊಟ್ರು. ಕುದುರಿಗೆ ಧನುರ್ವಾಯು ಎಷ್ಟು ಲಗೂನ ಹತ್ತತೈತಿ ಅಂತ ಗೊತ್ತಿದ್ದವರು ಈ ಇಂಜೆಕ್ಷನ್ ತಪ್ಪಿಸೋದಿಲ್ಲ.

ಕೀವು ಅಷ್ಟ ಆಗಿದ್ರ ಕೇಸು ಅಲ್ಲಿಗೆ ಮುಗೀತಿತ್ತು. ಆದ್ರ ನಾಲ ಬಿಚ್ಚಿದ ಗೊರಸು ನೋಡಿದ ಡಾಕ್ಟ್ರು ಉಳದ ಮೂರು ಕಾಲಿಂದೂ ಬಿಚ್ಚಸಿದ್ರು. ಮುಂತುದಿ ಉದ್ದ ಬೆಳದು ಮುಂದ ಓಡಿತ್ತು, ಹಿಮ್ಮಡಿ ಕುಗ್ಗಿ ಒಳಗ ಸೇರಿದ್ವು, ನಡುವಿನ ಮೆತ್ತನ್ನ ಮೂರು ಮೂಲಿ ಭಾಗ, ಫ್ರಾಗ್ ಅಂತಾರಲ್ಲ, ಅದು ಒಣಗಿ ಸಣ್ಣಾಗಿ ಸೀಳಿನ್ಯಾಗ ಕರ್ರಗ ಕೊಳತಿತ್ತು, ವಾಸನಿ ಮೂಗು ಹಿಡಸ್ತಿತ್ತು. ಗ್ವಾಡಿ ತುಂಬ ಹಳೇ ಮೊಳೆ ತೂತು, ಗೊರಸಿನ ಸುತ್ತ ಬಳಿ ಇಟ್ಟಂಗ ಉಬ್ಬಿದ ಗೆರಿ. ಡಾಕ್ಟ್ರು ಆ ಗೆರಿ ಮ್ಯಾಲೆ ಬೆರಳು ಆಡಿಸಿ ಕೇಳಿದ್ದು ಒಂದ ಪ್ರಶ್ನೆ: "ಇದಕ್ಕ ಏನ್ ತಿನ್ನಸ್ತೀರಿ?"

ಕಾಕಾ ಹೆಮ್ಮಿಲೆ ಪಟ್ಟಿ ಹೇಳಿದ್ರು.

ನಾಲ ಇಲ್ದ ಸಾಕೋ ನಿರ್ಧಾರ ಯಾರೂ ಸಿದ್ಧಾಂತ ಓದಿ ಮಾಡಿದ್ದಲ್ಲ, ಮೊಳೆ ಬಡಿಯಾಕ ಗಟ್ಟಿ ಗ್ವಾಡಿ ಉಳದಿರಲಿಲ್ಲ, ಅದಕ ಮಾಡಿದ್ದು. ಹೊಸಾ ಗ್ವಾಡಿ ಮ್ಯಾಲಿಂದ ಇಳಿಯೋತನಕ ಕಾಯಬೇಕು. ಗೊರಸು ತಿಂಗಳಿಗೆ ಹೆಚ್ಚುಕಮ್ಮಿ 8ರಿಂದ 10 ಮಿ.ಮೀ. ಬೆಳೀತೈತಿ, ಕೂದಲಂಚಿಂದ, ಅಂದ್ರ ಕಾಲಿನ ಕೂದಲು ಮುಗದು ಗೊರಸು ಶುರು ಆಗೋ ಅಂಚಿಂದ, ಮುಂತುದಿ ನೆಲ ಮುಟ್ಟಾಕ 9ರಿಂದ 12 ತಿಂಗಳು ಬೇಕು, ಹಿಮ್ಮಡಿ ಗಿಡ್ಡ ಇರೋದಕ್ಕ ಅಲ್ಲಿ ಲಗೂ. ಅಂದ್ರ ಮುಂದಿನ ಸೀಜನ್‌ತನಕ. ಕಾಕಾರಿಗೆ ಇದು ಹೇಳೋದ ಭಾಳ ಕಷ್ಟ ಆತು. ಹೇಳಿ ಕೇಳಿ ಅವರ ಅಪ್ಪನ ಮಾತೊಂದಿತ್ತು ಮನ್ಯಾಗ, ನಾಲ ಇಲ್ದ ಕುದುರಿ ಅರ್ಧ ಕುದುರಿ ಅಂತ.

ಏನೇನು ಮಾಡಿದ್ವಿ

ಮೊದಲನೇ ತಿಂಗಳು ಕೆಟ್ಟದ್ದು. ಹಿತ್ತಲದಿಂದ ರಸ್ತೆಗೆ ಬರೋ ದಾರ್ಯಾಗ ಕ್ವಾರಿ ಜಲ್ಲಿ ಹಾಕಿದ್ರು, ಅದರ ಮ್ಯಾಲೆ ಕೆಂಪಿ ಕೆಂಡದ ಮ್ಯಾಲೆ ನಡದಂಗ ನಡೀತಿದ್ಲು. ಮನಿ ಮಂದಿ ಎಲ್ಲಾ ಒಂದ ರಾಗ, ಬಡಿಸಿಬಿಡ್ರಿ ಅಂತ. ಕಾಕು ಅಂತೂ "ಮೂಕ ಪ್ರಾಣಿ ಶಾಪ ಬ್ಯಾಡ" ಅಂದ್ರು. ಇಲ್ಲಿ ಒಂದು ವಿಷಯ ತಿಳ್ಕೋಬೇಕು. ವರ್ಷಾನುಗಟ್ಲೆ ನಾಲದ ಮ್ಯಾಲೆ ನಿಂತ ಗೊರಸಿನ ಅಂಗಾಲು ತೆಳು ಇರ್ತೈತಿ, ಹೋದ ಬಂದ ನಾಲ ಹೊಡಿಯೋರೆಲ್ಲ ಅದನ್ನ ಚೊಕ್ಕ ಕಾಣ್ಲಿ ಅಂತ ಕೆತ್ತಿರ್ತಾರ ಬ್ಯಾರೆ. ಹಿಂದಿನ ಭಾಗ, ಅಂದ್ರ ಫ್ರಾಗ್ ಮತ್ತ ಅದರ ಮ್ಯಾಲಿನ ಮೆತ್ತಿ, ನೆಲಕ್ಕ ಒತ್ತಿದಾಗ ಹಿಮ್ಮಡಿ ಅಗಲ ಆಗಿ ಪೆಟ್ಟು ನುಂಗಬೇಕು, ರಕ್ತ ಮ್ಯಾಲೆ ದೂಡಬೇಕು. ಕಬ್ಬಿಣ ಬಡದ ಗೊರಸಿನ್ಯಾಗ ಆ ಅಗಲ ಆಗೋದು ಕಡಿಮಿ ಆಗಿರ್ತೈತಿ, ಆ ಭಾಗ ಕೆಲಸ ಮರತಿರ್ತೈತಿ. ಅದನ್ನ ಒಮ್ಮಿಗೇ ಜಲ್ಲಿ ಮ್ಯಾಲೆ ಓಡಸ್ತೀನಿ ಅಂದ್ರ ನೋವ ಆಗ್ತೈತಿ, ನೋವಾದ ಕುದುರಿ ಮುಂತುದಿ ಊರಿ ನಡೀತೈತಿ, ಹಿಮ್ಮಡಿ ಗಟ್ಟಿ ಆಗೋದ ಇಲ್ಲ. ಬರೇ ತಡಕೊಳ್ಳಲಿ ಅನ್ನೋದು ಮದ್ದಲ್ಲ.

ಅದಕ ಬೂಟು ಹುಡುಕಿದ್ವಿ. ಕುದುರಿಗಂತ ಮಾಡಿದ ರಬ್ಬರ್ ಬೂಟು ಹೊರದೇಶದಾಗ ಸಿಗ್ತಾವು, ಕಾಕಾರ ಕೈಗೆ ನಿಲಕೋ ರೇಟಲ್ಲ. ಮಿಲ್ಲಿನ್ಯಾಗ ತಗದೊಗದ ಹಳೇ ರಬ್ಬರ್ ಬೆಲ್ಟು ಇತ್ತು, ಅದನ್ನ ತಗೊಂಡು ಚಪ್ಪಲಿ ಹೊಲಿಯೋರ ಹತ್ರ ಗೊರಸಿನ ಅಳತಿ ರಟ್ಟು ಕೊಟ್ವಿ. ಮೊದಲನೇ ಜೋಡಿ ಗೊರಸಿನ ಮ್ಯಾಲಿನ ತೊಗಲು ಕೆರದು ಗಾಯ ಮಾಡ್ತು. ಎರಡನೇದಕ್ಕ ಒಳಗ ಹಳೇ ಜೀನ್ಸ್ ಬಟ್ಟಿ ಮಡಚಿ ಹೊಲಿದ್ರು, ಪಟ್ಟಿ ಸಡಲ ಮಾಡಿದ್ರು, ನಡೀತು. ನಿಯಮ ಒಂದ: ನಡಿಯೋ ಹೊತ್ತಿನ್ಯಾಗ ಹಾಕೋದು, ಬಂದ ಕೂಡ್ಲೆ ಬಿಚ್ಚೋದು. ರಾತ್ರಿ ಅದರಾಗ ಬಿಟ್ರ ಒಳಗ ಬೆವತು ಫ್ರಾಗ್ ಮತ್ತ ಕೊಳೀತೈತಿ.

ಕೆತ್ತೋದು ನನ್ನ ಪಾಲಿಂದು. ಸುಮಾರು ನಾಲ್ಕು ವಾರಕ್ಕ ಒಮ್ಮಿ, ಪ್ರತಿ ಸಲ ಸ್ವಲ್ಪ ಸ್ವಲ್ಪ, ಒಂದ ದಿನ ಚಂದ ಮಾಡಿಬಿಡಬೇಕು ಅನ್ನೋ ಆಸೆ ಇಲ್ದ. ಮುಂತುದಿ ಹಿಂದ ತರೋದು, ಗ್ವಾಡಿ ಕೆಳಗಿನ ಅಂಚನ್ನ ದೊಡ್ಡ ಅರದಿಂದ ಸುತ್ತ ಓರಿ ಮಾಡೋದು, ಚೂಪು ಬಿಟ್ರ ಚಕ್ಕಿ ಏಳ್ತಾವು. ಅಂಗಾಲಿಗೆ ಚಾಕು ಮುಟ್ಟಸಲಿಲ್ಲ, ತಾನಾಗಿ ಉದುರೋ ಪುಡಿ ಅಷ್ಟ ತಗದೆ. ಫ್ರಾಗಿನ ತೇಲೋ ಚಿಂದಿ ಬಿಟ್ಟು ಬ್ಯಾರೆ ಕೊಯ್ಲಿಲ್ಲ. ಕುದುರಿ ಮಂದಿಗೆ ಇದು ಒಪ್ಪಸೋದು ಕಷ್ಟ, ಬೆಳ್ಳಗ ಕೆತ್ತಿದ ಅಂಗಾಲು ನೋಡಿದ್ರ ಅವರಿಗೆ ಕೊಟ್ಟ ರೊಕ್ಕ ಮುಟ್ಟಿದಂಗ ಅನಸ್ತೈತಿ.

ಮೇವಿನ್ಯಾಗ ದೊಡ್ಡ ಜಗಳ ಆತು. ಗೊರಸಿನ ಆ ಉಬ್ಬು ಗೆರಿ, ಅಂಗಾಲಿನ ಅಂಚಿನ ಬಿಳಿ ಗೆರಿ ಅಗಲ ಆಗಿದ್ದು, ಸೀಜನ್ ಮುಗದ ಮ್ಯಾಲೆ ಪ್ರತಿ ವರ್ಷ "ಕಾಲು ಹಿಡದಾವು" ಅಂತ ಕಾಕಾ ಹೇಳ್ತಿದ್ದಿದ್ದು, ಎಲ್ಲಾ ಕೂಡಿಸಿ ನೋಡಿದ ಡಾಕ್ಟ್ರು ಇದು ಸಣ್ಣ ಪ್ರಮಾಣದ ಲ್ಯಾಮಿನೈಟಿಸ್ ಇರಬೇಕು ಅಂದ್ರು. ಸಕ್ರಿ, ಪಿಷ್ಟ ಹೆಚ್ಚಾದಾಗ ಗೊರಸಿನ ಗ್ವಾಡಿಯನ್ನ ಒಳಗಿನ ಎಲಬಿಗೆ ಹಿಡದಿರೋ ಪದರ ಉರಿಗೊಳ್ತೈತಿ, ಹಿಡಿತ ಸಡಲ ಆಗ್ತೈತಿ. ಅದರ ಜೋಡಿ ತೌಡಿನ್ಯಾಗ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮಿ, ದಿನಾ ಬಕೆಟ್‌ಗಟ್ಲೆ ತಿಂದ್ರ ಎಲಬಿಗೂ ಒಳ್ಳೇದಲ್ಲ. ನಾಲ ಇದ್ದಾಗ ಈ ನೋವು ಮುಚ್ಚಿ ಹೋಗಿತ್ತು ಅಷ್ಟ, ನಾಲ ಬಿಚ್ಚಿದ ಮ್ಯಾಲೆ ಎದ್ದು ಕಂಡ್ತು. ನನ್ನ ಪ್ರಕಾರ ಇಡೀ ಕೇಸಿನ ತಿರುವು ಇದ, ಕೆತ್ತೋ ಅರಕ್ಕಿಂತ ಮೇವಿನ ಬಕೆಟ್ ದೊಡ್ಡದು.

ಬೆಲ್ಲ ಬಂದ್. ಕಾಕಾ ಒಪ್ಪಿದ್ರು, ಆದ್ರ ಮೊಮ್ಮಗ ಕದ್ದು ಕೊಡ್ತಿದ್ದ, ಅವನಿಗೆ ತಿಳಿಸಿ ಹೇಳಾಕ ಡಾಕ್ಟ್ರ ಬರಬೇಕಾತು. ಅಕ್ಕಿ ತೌಡು ಪೂರಾ ಬಂದ್, ಗೋದಿ ತೌಡು ಒಂದು ಮುಷ್ಟಿಗೆ ಇಳೀತು, ಅದೂ ಮಿನರಲ್ ಪೌಡರ್ ತಿನ್ನಸಾಕ. ಕಡ್ಲಿ ಹೋಗಿ ಸ್ವಲ್ಪ ಹುರುಳಿ ಬಂತು. ಮುಖ್ಯ ಹೊಟ್ಟಿ ತುಂಬಸಿದ್ದು ಒಣ ಹುಲ್ಲು, ಒಣಗಿದ ಜ್ವಾಳದ ಕಣಿಕಿ, ಕಲ್ಲುಪ್ಪು. ಎಳೇ ಜ್ವಾಳ, ಅದರಾಗೂ ಬರಕ್ಕ ಬಾಡಿ ಮತ್ತ ಚಿಗತಿದ್ದು, ಕೊಡಬ್ಯಾಡ್ರಿ ಅಂತ ಗಟ್ಟಿ ಹೇಳಿದ್ವಿ, ವಿಷ ಇರ್ತೈತಿ ಅನ್ನೋದು ದನ ಕಟ್ಟಿದವರಿಗೆಲ್ಲಾ ಗೊತ್ತ ಐತಿ. ಬಯೋಟಿನ್ ಅನ್ನೋ ವಿಟಮಿನ್ ಪೌಡರ್ ಬೇಕೇನು ಅಂತ ಕಾಕಾ ಕೇಳಿದ್ರು, ಯಾರೋ ಹೇಳಿದ್ರಂತ. ದಿನಕ್ಕ 20 ಮಿ.ಗ್ರಾಂ. ತಿಂಗಳಾನುಗಟ್ಲೆ ಕೊಟ್ರ ಹೊಸಾ ಬೆಳೆಯೋ ಗೊರಸು ಸುಧಾರಸ್ತೈತಿ, ಹಳೇ ಗೊರಸಿಗೆ ಏನೂ ಆಗೂದಿಲ್ಲ. ಬೆಲ್ಲ ಬಿಡೋದು ಪುಕ್ಕಟೆ, ಮೊದ್ಲ ಅದು ಮಾಡ್ರಿ ಅಂದ್ವಿ.

ಆಮ್ಯಾಲೆ ನೆಲ. ಶೆಡ್ಡಿನ ಇಟ್ಟಂಗಿ ಕಿತ್ತು ಇಳಿಜಾರು ಮಾಡಿ ಗರಸು ಹಾಕಿ ದಮ್ಮಸ್ಸು ಮಾಡಿದ್ವಿ, ಉಚ್ಚಿ ಹೊರಗ ಹರಿಯಂಗ. ನೀರಿನ ತೊಟ್ಟಿ ಹೊಲದ ಒಂದ ತುದಿಗೆ, ಮೇವು ಇನ್ನೊಂದ ತುದಿಗೆ, ನಡುವ ಬದುವಿನ ಗುಂಟ ಹಗ್ಗ ಕಟ್ಟಿ ದಾರಿ. ಕಟ್ಟಿ ಹಾಕಿದ ಕುದುರಿಗೆ ಗೊರಸು ಸುಧಾರಸೋದು ಕನಸಿನ ಮಾತು, ಅದು ದಿನವೆಲ್ಲಾ ಸಾವಕಾಶ ನಡೀಬೇಕು. ತೊಟ್ಟಿ ಮುಂದ ಹಳ್ಳದ ದುಂಡು ಸಣ್ಣ ಕಲ್ಲು ಹಾಕಿದ್ವಿ, ಜಲ್ಲಿ ಚೂಪು, ಇದು ದುಂಡು, ಅಂಗಾಲಿಗೆ ಒತ್ತು ಕೊಡ್ತೈತಿ, ಚುಚ್ಚೂದಿಲ್ಲ. ಈ ಉಪಾಯ ನಮ್ಮದಲ್ಲ, ಕುದುರಿ ನಿಲ್ಲೋ ಅಂಗಳಕ್ಕ ನಾಲ್ಕೈದು ಬಂಡಿ ದುಂಡು ಕಲ್ಲು ಹಾಕ್ರಿ, ಗೊರಸು ಗಟ್ಟಿ ಆಗ್ತಾವು ಅಂತ ಗ್ರೀಸಿನ ಜೆನೊಫನ್ ಅನ್ನೋ ಲೇಖಕ ಸುಮಾರು 2400 ವರ್ಷದ ಹಿಂದ ಬರದಿಟ್ಟಾನ. ಇದನ್ನ ಹೇಳಿದ್ರ ಕಾಕಾ, "ಅವರ ಕುದುರಿಗೂ ನಾಲಬಂದ ಸಿಗ್ತಿರಲಿಲ್ಲೇನು" ಅಂದ್ರು. ಖರೇನ, ಆ ಕಾಲದ ಗ್ರೀಸಿನ್ಯಾಗ ಮೊಳೆ ಬಡಿಯೋ ನಾಲದ ಬಳಕಿ ಇರಲಿಲ್ಲ.

ಮಳಿಗಾಲದ ಪೆಟ್ಟು

ಆಗಸ್ಟ್‌ತನಕ ಎಲ್ಲಾ ಛಲೋ. ಕೂದಲಂಚಿಂದ ಕೆಳಗ ಇಳಿಯೋ ಹೊಸಾ ಗ್ವಾಡಿ ನೆಟ್ಟಗ ಇಳೀತಿತ್ತು, ಗೆರಿ ಇರಲಿಲ್ಲ, ಹಳೇದಕ್ಕೂ ಹೊಸದಕ್ಕೂ ಕೋನ ಬದಲಾಗಿದ್ದು ಕಣ್ಣಿಗೆ ಕಾಣ್ತಿತ್ತು. ಸೆಪ್ಟೆಂಬರ್‌ದಾಗ ಬಿಡದ ಮಳಿ ಹಿಡೀತು, ಬದುವಿನ ದಾರಿ ಕೆಸರಾತು, ಗೊರಸು ಮೆತ್ತಗಾದ್ವು. ಒಂದ ಮುಂಜಾನಿ ಕೆಂಪಿ ಮೂರು ಕಾಲಿನ ಮ್ಯಾಲೆ ನಿಂತಿದ್ಲು, ಗೊರಸು ಬಿಸಿ, ಹಿಂದಿನ ನರ ಬಡಕೊಳ್ತಿತ್ತು.

ಕಾಕಾರ ತಾಳ್ಮಿ ಅವತ್ತು ಮುಗೀತು. ನಾಲ ಹೊಡಿಯಾಂವನಿಗೆ ಫೋನ್ ಹಚ್ಚಿಬಿಟ್ಟಿದ್ರು, ಅವ ಬೈಕ್ ಮ್ಯಾಲೆ ಬಂದೂ ಬಿಟ್ಟಿದ್ದ. ಅವ ನಾಲ ತಗದು ಇಡೋದಕ್ಕೂ ಡಾಕ್ಟ್ರು ಬರೋದಕ್ಕೂ ಸರಿ ಆತು. ಡಾಕ್ಟ್ರು ಒಂದ ಮಾತು ಹೇಳಿದ್ರು: ಒಳಗ ಕೀವು ಇದ್ದಾಗ ಮ್ಯಾಲೆ ನಾಲ ಬಡದ್ರ ಕೀವಿಗೆ ಬಾಗಲಾ ಹಾಕಿದಂಗ, ಮೊದ್ಲ ಅದು ಹೊರಗ ಬರ್ಲಿ, ಆಮ್ಯಾಲೆ ನಿಮ್ಮ ಇಷ್ಟ. ಹುಡುಕಿದ್ರ ಕೀವು ಸಿಕ್ಕಿದ್ದು ಹಳೇ ಮೊಳೆ ತೂತಿನ ದಾರ್ಯಾಗ. ಸಣ್ಣ ತೂತು ಮಾಡಿದ ಕೂಡ್ಲೆ ಕರೀ ನೀರು ಹೊರಗ ಬಂತು, ಕೆಂಪಿ ಅಲ್ಲೇ ಉಸರು ಬಿಟ್ಟು ತಲಿ ಕೆಳಗ ಮಾಡಿದ್ಲು. ದಿನಾ ಉಗುರು ಬೆಚ್ಚಗಿನ ಉಪ್ಪು ನೀರಿನ್ಯಾಗ ಕಾಲು ಇಡಸೋದು, ಅಯೋಡಿನ್ ಹಚ್ಚಿ ಹತ್ತಿ ಕಟ್ಟಿ ಮ್ಯಾಲೆ ಡೈಪರ್. ಹೌದು, ಮಕ್ಕಳ ಡೈಪರ್, ಗೊರಸಿಗೆ ಭಾಳ ಸರಿ ಕುಂದರತೈತಿ, ಮ್ಯಾಲೆ ಟೇಪು ಸುತ್ತಿದ್ರ ಆತು. ಒಂದ ವಾರದೊಳಗ ಕಾಲು ಊರಿದ್ಲು.

ಕಾಕಾ ಆ ಕರೀ ನೀರು ಕಣ್ಣಾರೆ ನೋಡಿದ್ದು ನೂರು ಮಾತಿಗಿಂತ ಕೆಲಸ ಮಾಡ್ತು. ನಾಲದವನಿಗೆ ಬಂದ ಖರ್ಚು ಕೊಟ್ಟು, ಚಾ ಕುಡಿಸಿ ಕಳಿಸಿದ್ರು. ಅವತ್ತಿಂದ ಮಳಿಗಾಲಕ್ಕ ಬ್ಯಾರೆ ವ್ಯವಸ್ಥಾ: ದಿನದಾಗ ಅರ್ಧ ಹೊತ್ತರ ಗರಸಿನ ಒಣ ನೆಲದ ಮ್ಯಾಲೆ ನಿಲ್ಲಬೇಕು, ಸಂಜಿಕ ಗೊರಸು ಕೆರದು ಒಣ ಬಟ್ಟಿಲೆ ಒರಸಿ ಫ್ರಾಗಿನ ಸೀಳಿನ್ಯಾಗ ಹತ್ತಿ ಎಳಿ ಹಾಯಸಿ ತೆಳ್ಳನ್ನ ಮೈಲುತುತ್ತದ ನೀರು. ದಪ್ಪ ಕಲಸಿದ್ರ ಹಸಿ ಮಾಂಸ ಸುಡ್ತೈತಿ.

ಸೀಜನ್ ಬಂತು

ಫೆಬ್ರವರಿ ಹೊತ್ತಿಗೆ ಹಿಮ್ಮಡಿ ಅಗಲ ಆಗಿದ್ವು, ಫ್ರಾಗ್ ತುಂಬಿಕೊಂಡು ನೆಲ ಮುಟ್ತಿತ್ತು, ಮುಂತುದ್ಯಾಗ ಹಳೇ ಗ್ವಾಡಿ ಒಂದ ಬೆರಳಷ್ಟು ಉಳದಿತ್ತು. ಕೆಂಪಿ ಮೆರವಣಿಗಿಗೆ ಹೋದ್ಲು, ಬರಿಗಾಲಿಲೆ. ಇಲ್ಲಿ ನಮಗ ಹೊಳೀದ ಇದ್ದ ತಕರಾರು ಬಂತು: ಒಂದ ಮದುವ್ಯಾಗ ಬೀಗರು "ಟಕ್ ಟಕ್ ಸದ್ದ ಇಲ್ಲಲ್ರೀ, ರೊಕ್ಕ ಕಡಿಮಿ ತಗೋರಿ" ಅಂದ್ರಂತ. ಕಾಕಾ ಈಗ ಕಾಲಿಗೆ ಗೆಜ್ಜಿ ಕಟ್ತಾರ. ಇನ್ನೊಂದು ಲುಕ್ಸಾನು, ಶನಿ ಕಾಟಕ್ಕ ಉಂಗುರ ಮಾಡಸಾಕ, ಬಾಗಲಕ್ಕ ಬಡಿಯಾಕ ಹಳೇ ನಾಲ ಕೇಳಿಕೊಂಡು ಬರೋ ಮಂದಿ ಬರಿಗೈಲೆ ಹೋಗ್ತಾರ.

ಲಾಭ ಕಂಡಿದ್ದು ಸಿಸಿ ರೋಡಿನ ಮ್ಯಾಲೆ. ನೀರು ಚಿಮುಕಿಸಿದ ಸಿಮೆಂಟ್, ಗುಡಿ ಮುಂದಿನ ನುಣುಪು ಬಂಡಿ, ಇಂಥಲ್ಲಿ ಕಬ್ಬಿಣ ಜಾರ್ತೈತಿ, ಬರಿಗೊರಸು ಹಿಡೀತೈತಿ. ಕುಣಿಯೋ ಕುದುರಿಗೆ, ಅದೂ ಮ್ಯಾಲೆ ಮದುಮಗ ಕುಂತಾಗ, ಇದು ಸಣ್ಣ ಮಾತಲ್ಲ. ಮಧ್ಯಾಹ್ನದ ಮೆರವಣಿಗಿ ಮಾತ್ರ ಕಾಕಾ ಒಪ್ಪೂದಿಲ್ಲ. ಏಪ್ರಿಲ್ ಮೇದಾಗ 40 ಡಿಗ್ರಿ ದಾಟಿದ ಬಿಸಿಲಿಗೆ ಡಾಂಬರ್ ಮ್ಯಾಲೆ ತಾಸುಗಟ್ಲೆ ನಿಲ್ಲಸೋದು ನಾಲ ಇರ್ಲಿ ಬಿಡ್ಲಿ ಕುದುರಿಗೆ ಹಿಂಸಾನ.

ಇಷ್ಟಾದ ಮ್ಯಾಲೆ ಕಾಕಾ ಸರದಾರನ ನಾಲನೂ ಬಿಚ್ಚಸಿದ್ರು. ನಾವು ಬ್ಯಾಡ ಅನ್ಲಿಲ್ಲ, ಆದ್ರ ಅಳತಿ ಇಡ್ರಿ ಅಂದ್ವಿ. ಕೂದಲಂಚಿನ ಕೆಳಗ ಅರದಿಂದ ಗ್ವಾಡಿ ಮ್ಯಾಲೆ ಒಂದ ಸಣ್ಣ ಗೆರಿ ಎಳಿಯೋದು, ಮ್ಯಾಲಿನ ಅಂಚಿಂದ ಗೆರಿತನಕ ಎಷ್ಟು ಅಂತ ವಾರವಾರ ಸ್ಕೇಲ್ ಇಟ್ಟು ಬರಕೊಂಡ್ರ ಬೆಳದದ್ದು ತಿಳೀತೈತಿ, ಗೆರಿಯಿಂದ ನೆಲತನಕ ಅಳದ್ರ ಸವದದ್ದು ತಿಳೀತೈತಿ. ಕೆಂಪಿಯಲ್ಲಿ ಬೆಳವಣಿಗಿ ಮುಂದ, ಅದಕ ನಾನು ಕೆತ್ತಬೇಕಾಗ್ತಿತ್ತು. ಸರದಾರನಲ್ಲಿ ಉಲ್ಟಾ, ಮುಂಗಾಲಿಂದು ಬೆಳಿಯೋದಕ್ಕಿಂತ ಸವಿಯೋದು ಜಾಸ್ತಿ. ದಿನಾ ಹೇರು ಎಳಕೊಂಡು ಡಾಂಬರ್ ಮ್ಯಾಲೆ ಹೋಗೋ ಭಾರಿ ಕುದುರಿಗೆ ತಿಂಗಳಿಗೆ ಒಂದ ಸೆಂಟಿಮೀಟರ್ ಬೆಳಿಯೋ ಗೊರಸು ಹೆಂಗ ಸಾಕಾದೀತು. ಒಂದೂವರೆ ತಿಂಗಳಿಗೆ ಅಂಗಾಲು ನೆಲ ತಿಕ್ಕಾಕ ಹತ್ತಿತು. ಬೆಲ್ಟಿನ ಬೂಟು ಅವನ ಭಾರಕ್ಕ ಹರದು ಹೋದ್ವು. ನಿರ್ಧಾರ: ಮುಂಗಾಲಿಗೆ ಮತ್ತ ನಾಲ, ಹಿಂಗಾಲು ಬರೀ. ಬರಿಗಾಲು ಛಲೋ ಅಂತ ಹೇಳೋ ಮಂದಿಗೆ ಇದು ಸೋಲು ಅನಸ್ತೈತಿ, ನನಗ ಹಂಗ ಅನಸಲಿಲ್ಲ, ಸ್ಕೇಲು ಹೇಳಿದ್ದು ಕೇಳಿದ್ವಿ.

ನಾಲ ಬಡಿಯಾಕ ಯಾರು ಅನ್ನೋದು ಮತ್ತ ಎದ್ದಿತು. ಹೊಸಪೇಟಿ ಕಡೆಯ ಆ ಹಿರಿಯರನ್ನ ಕಾಕಾ ಕಾರ್ ಮಾಡಿ ಕರಕೊಂಡು ಬಂದ್ರು. ಅವರು ಕುರ್ಚಿ ಮ್ಯಾಲೆ ಕುಂತು ಗೊರಸಿಗೆ ಬೆರಳು ಆಡಿಸಿ ಹೇಳ್ತಾ ಹೋದ್ರು, ಎತ್ತಿನ ನಾಲದ ಅದ ಹುಡುಗ ಅವರ ಕೈಕೆಳಗ ನಾಲ ಬಗ್ಗಸಿ ಬಡದ. ಮೊಳೆ ಎಲ್ಲಾ ಮುಂದಿನ ಅರ್ಧದಾಗ, ಹಿಮ್ಮಡಿ ಕಡೆ ಒಂದೂ ಇಲ್ಲ, ಅದು ಅಗಲ ಆಗಾಕ ಬಿಟ್ಟಿರಬೇಕು ಅಂದ್ರು. ಈಗ ಆರೇಳು ವಾರಕ್ಕ ಒಮ್ಮಿ ಬಿಚ್ಚಿ ಕೆತ್ತಿ ಬಡೀತಾನ, ಮಳಿಗಾಲದಾಗ ಗಾಡಿ ಕೆಲಸ ಕಡಿಮಿ ಇದ್ದಾಗ ಎರಡು ತಿಂಗಳು ಪೂರಾ ಬಿಚ್ಚಿ ಬಿಡ್ತಾರ.

ಕೆಂಪಿ ನೋಡಿ ಸಿಂಧನೂರು ಕಡಿಂದ ಒಬ್ರು ಬಂದಿದ್ರು, ತಮ್ಮ ಕುದುರೀದೂ ಬಿಚ್ಚಿಕೊಡ್ರಿ ಅಂತ. ಕಾಕಾ ಅವರಿಗೆ ಕೇಳಿದ್ದು ಮೂರು ಮಾತು, ಎಲ್ಲಿ ನಿಲ್ಲಸ್ತೀರಿ, ಏನು ತಿನ್ನಸ್ತೀರಿ, ತಿಂಗಳಿಗೆ ಒಮ್ಮಿ ಕೆತ್ತವರು ಯಾರದಾರ. ಬೆಲ್ಲ ಬಿಡಾಕ ಆಗೂದಿಲ್ರಿ ಅಂದ್ರಂತ ಅವರು. ಹಂಗಾದ್ರ ನಾಲ ಇರ್ಲಿ ಬಿಡ್ರಿ ಅಂತ ಕಾಕಾ ಚಾ ಕುಡಿಸಿ ಕಳಿಸಿದ್ರು.